ಪ್ಲೇಟ್‌ಲೆಟ್‌ಗಳ ಗುಟ್ಟು ಬಿಡಿಸಿದ ಪ್ರತಿಕಾಯ 7ಇ3

ಡೆಂಗಿ ಜ್ವರದ ಹಾವಳಿಯಿಂದಾಗಿ ‘ಪ್ಲೇಟ್‌ಲೆಟ್’ ಎಂಬ ಪದ ಇಂದು ಮನೆಮಾತಾಗಿದೆ. ಆದರೆ ಜನಸಾಮಾನ್ಯರ ಮಾತುಕತೆಯಲ್ಲಿ ಕೇಳಿಬರುವುದು ಹೆಚ್ಚಾಗಿ ಅವುಗಳ ಸಂಖ್ಯೆ ಮಾತ್ರ. ಸಂಖ್ಯೆ ಸರಿಯಾಗಿದ್ದರೂ ಪ್ಲೇಟ್‌ಲೆಟ್‌ಗಳು ತಮ್ಮ ಕೆಲಸ ಮಾಡದಿರುವುದುಂಟು. ಅವು ಒಂದನ್ನೊಂದು ಹೇಗೆ ಕೂಡಿಕೊಳ್ಳುತ್ತವೆ ಎಂಬುದನ್ನು ಅರಿಯಲು ಪ್ರಯೋಗಾಲಯದಲ್ಲಿ ರೂಪುಗೊಂಡ ಮಾನೋಕ್ಲೋನಲ್ ಪ್ರತಿಕಾಯವೇ 7ಇ3. ಮುಂದೆ ಅದೇ ಹೃದ್ರೋಗಿಗಳ ಔಷಧಿಯೂ ಆಯಿತು.

ಹಿನ್ನೆಲೆ

ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷ ಪ್ಲೇಟ್‌ಲೆಟ್‌ಗಳಿರುತ್ತವೆ. ರಕ್ತನಾಳಕ್ಕೆ ಪೆಟ್ಟಾದಾಗ ಅವು ಗಾಯಕ್ಕೆ ಅಂಟಿಕೊಂಡು, ಪರಸ್ಪರ ಕೂಡಿ, ರಕ್ತ ಸೋರದಂತೆ ತಡೆಯುತ್ತವೆ.

1918ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾಂಜ್‌ಮನ್ ವಿಚಿತ್ರ ಕಾಯಿಲೆಯೊಂದನ್ನು ವಿವರಿಸಿದರು. ಪ್ಲೇಟ್‌ಲೆಟ್ ಸಂಖ್ಯೆ ಸರಿಯಾಗಿದ್ದರೂ ರೋಗಿಗಳಲ್ಲಿ ರಕ್ತಸ್ರಾವ ಸುಲಭವಾಗಿ ನಿಲ್ಲುತ್ತಿರಲಿಲ್ಲ. ಅವರ ಹೆಸರನ್ನೇ ಪಡೆದ ಈ ಕಾಯಿಲೆ ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಜೀನ್ ಬಂದಾಗ ಮಗುವಿನಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ರಕ್ತಸಂಬಂಧದಲ್ಲಿ ವಿವಾಹವಾಗುವ ಸಮುದಾಯಗಳಲ್ಲಿ ಇದು ಹೆಚ್ಚು. ದಕ್ಷಿಣ ಭಾರತದ ಕುಟುಂಬಗಳೂ ವೈದ್ಯಕೀಯ ವರದಿಗಳಲ್ಲಿ ಸೇರಿವೆ.

ಪ್ಲೇಟ್‌ಲೆಟ್‌ನ ಮೇಲ್ಮೈಯಲ್ಲಿರುವ ಜಿಪಿ 2ಬಿ/3ಎ ಎಂಬ ಪ್ರೋಟೀನು ಈ ರೋಗಿಗಳಲ್ಲಿ ಇಲ್ಲದಿರುವುದು ಅಥವಾ ದೋಷಪೂರಿತವಾಗಿರುವುದು ಕಾಯಿಲೆಯ ಮೂಲ. ರಕ್ತದಲ್ಲಿನ ಫೈಬ್ರಿನೋಜೆನ್ ಎರಡು ಪ್ಲೇಟ್‌ಲೆಟ್‌ಗಳ ನಡುವೆ ಸೇತುವೆಯಂತೆ ನಿಲ್ಲುತ್ತದೆ. ಅದು ಹಿಡಿದುಕೊಳ್ಳುವ ಕೊಂಡಿಯೇ ಈ ಪ್ರೋಟೀನು.

ಪ್ರತಿಕಾಯದ ಜನನ

1975ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಜಾರ್ಜ್ ಕೋಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಹೊಸ ತಂತ್ರವೊಂದನ್ನು ಪ್ರಕಟಿಸಿದರು. ಇಲಿಯ ಗುಲ್ಮದಲ್ಲಿ ಪ್ರತಿಕಾಯ ತಯಾರಿಸುವ ಕೋಶವನ್ನು ಕ್ಯಾನ್ಸರ್ ಕೋಶದೊಡನೆ ಬೆಸೆದರೆ, ಆ ಮಿಶ್ರ ಕೋಶದ ಸಂತತಿಯು ಒಂದೇ ಬಗೆಯ ಪ್ರತಿಕಾಯವನ್ನು ಎಡೆಬಿಡದೆ ಉತ್ಪಾದಿಸುತ್ತದೆ. ಇದಕ್ಕಾಗಿ ಅವರಿಗೆ 1984ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್‌ನಲ್ಲಿ ರಕ್ತತಜ್ಞ ಬ್ಯಾರಿ ಕೋಲರ್ ಈ ತಂತ್ರವನ್ನು ಪ್ಲೇಟ್‌ಲೆಟ್ ಅಧ್ಯಯನಕ್ಕೆ ಅಳವಡಿಸಿದರು. ಫೈಬ್ರಿನೋಜೆನ್ ಲೇಪಿಸಿದ ಸೂಕ್ಷ್ಮ ಮಣಿಗಳು ಪ್ಲೇಟ್‌ಲೆಟ್‌ಗಳೊಡನೆ ಸೇರಿ ಗುಂಪುಗೂಡುತ್ತವೆ. ಯಾವ ಪ್ರತಿಕಾಯ ಬೆರೆಸಿದಾಗ ಈ ಗುಂಪುಗೂಡುವಿಕೆ ನಿಲ್ಲುವುದೋ ಅದನ್ನೇ ಅವರು ಆರಿಸಿಕೊಂಡರು. ಹೀಗೆ ದೊರೆತ 10ಇ5 ಎಂಬ ಪ್ರತಿಕಾಯದ ವಿವರ 1983ರಲ್ಲೂ, 7ಇ3ರ ವಿವರ 1985ರಲ್ಲೂ ಪ್ರಕಟವಾದವು. ಚುರುಕುಗೊಂಡ ಪ್ಲೇಟ್‌ಲೆಟ್‌ಗಳಿಗೆ ಬೇಗನೆ ಅಂಟಿಕೊಳ್ಳುವುದು 7ಇ3ರ ವಿಶೇಷ. ಕೊಂಡಿ ತನ್ನ ಆಕಾರ ಬದಲಿಸುತ್ತದೆ ಎಂಬುದಕ್ಕೆ ಇದು ಸುಳಿವು ನೀಡಿತು.

ಔಷಧಿಯಾದ ಬಗೆ

ಹೃದಯಾಘಾತದಲ್ಲಿ ಪ್ಲೇಟ್‌ಲೆಟ್‌ಗಳ ಗಡ್ಡೆಯೇ ರಕ್ತನಾಳವನ್ನು ಮುಚ್ಚುತ್ತದೆ. ಗ್ಲಾಂಜ್‌ಮನ್ ರೋಗಿಗಳ ಸ್ಥಿತಿಯನ್ನು ಹೃದ್ರೋಗಿಯಲ್ಲಿ ಕೆಲಕಾಲ ಉದ್ದೇಶಪೂರ್ವಕವಾಗಿ ಉಂಟುಮಾಡಿದರೆ ಗಡ್ಡೆ ಕಟ್ಟುವುದನ್ನು ತಡೆಯಬಹುದೆಂಬುದು ಮುಂದಿನ ಆಲೋಚನೆ. ಇಲಿಯ ಪ್ರತಿಕಾಯವನ್ನು ಮಾನವ ದೇಹ ಪರಕೀಯವೆಂದು ಗುರುತಿಸುವುದರಿಂದ, ಅದರ ಹಿಡಿಯುವ ಭಾಗವನ್ನಷ್ಟೇ ಉಳಿಸಿಕೊಂಡು ಮಾನವ ಪ್ರತಿಕಾಯದ ಅಂಶವನ್ನು ಜೋಡಿಸಲಾಯಿತು. ಅಬ್‌ಸಿಕ್ಸಿಮ್ಯಾಬ್ ಎಂಬ ಈ ಔಷಧಿಗೆ 1994ರ ಡಿಸೆಂಬರ್‌ನಲ್ಲಿ ಅಮೆರಿಕದ ಅನುಮತಿ ದೊರೆಯಿತು.

ಆಂಜಿಯೋಪ್ಲಾಸ್ಟಿಗೆ ಒಳಗಾದ 2,099 ರೋಗಿಗಳನ್ನು ಒಳಗೊಂಡ ‘ಎಪಿಕ್’ ಅಧ್ಯಯನದಲ್ಲಿ ಸಾವು, ಹೃದಯಾಘಾತ ಹಾಗೂ ತುರ್ತು ಮರುಚಿಕಿತ್ಸೆಗಳ ಒಟ್ಟು ಪ್ರಮಾಣ 30 ದಿನಗಳಲ್ಲಿ ಶೇ 12.8ರಿಂದ ಶೇ 8.3ಕ್ಕೆ ಇಳಿಯಿತು. ಆದರೆ ಅದಕ್ಕೆ ತೆತ್ತ ಬೆಲೆಯೂ ಇತ್ತು: ತೀವ್ರ ರಕ್ತಸ್ರಾವ ಸುಮಾರು ಎರಡು ಪಟ್ಟಾಯಿತು. ಗಡ್ಡೆ ತಡೆಯುವ ಶಕ್ತಿಯೇ ಗಾಯ ಮುಚ್ಚುವ ಶಕ್ತಿಯನ್ನೂ ಕುಗ್ಗಿಸಿತ್ತು. ಸ್ಟೆಂಟ್‌ಗಳು ಹಾಗೂ ಪರಿಣಾಮಕಾರಿ ಮಾತ್ರೆಗಳು ಬಂದ ಬಳಿಕ ಇದರ ಬಳಕೆ ಕ್ಷೀಣಿಸಿ, ತಯಾರಿಕೆಯೂ ನಿಂತಿತು.

ಇಂದಿನ ಮಹತ್ವ

ಔಷಧಿ ಮರೆಯಾದರೂ ವಿಧಾನ ಉಳಿದಿದೆ. 2004ರಲ್ಲಿ ಈ ಕೊಂಡಿಯ ಹರಳು ರಚನೆ ಪ್ರಕಟವಾದಾಗ, ಅದಕ್ಕೆ ಅಂಟಿದ್ದ 10ಇ5ರ ತುಣುಕೂ ಆ ಚಿತ್ರದಲ್ಲಿತ್ತು. ಇದೇ ಕೊಂಡಿಯನ್ನು ಗುರುತಿಸುವ ಇತರ ಪ್ರತಿಕಾಯಗಳಿಗೆ ಹೊಳೆಯುವ ಬಣ್ಣ ಜೋಡಿಸಿ, ಫ್ಲೋ ಸೈಟೋಮೀಟರ್ ಯಂತ್ರದಲ್ಲಿ ಗ್ಲಾಂಜ್‌ಮನ್ ಕಾಯಿಲೆಯನ್ನು ಪತ್ತೆ ಹಚ್ಚಲಾಗುತ್ತದೆ. ಮೂಗಿನಿಂದ, ವಸಡಿನಿಂದ ಪದೇ ಪದೇ ರಕ್ತ ಸೋರುವ ಮಗುವಿನ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಸರಿಯಾಗಿದೆಯೆಂದು ಬಂದರೂ ವಿಚಾರಣೆ ಅಲ್ಲಿಗೇ ಮುಗಿಯಬಾರದು ಎಂಬುದು ಈ ಇತಿಹಾಸ ಕಲಿಸುವ ಪಾಠ.