ಗರಿ ಕಟ್ಟಿದ ಗಾಳ

ಗಾಳಕ್ಕೆ ಎರೆಹುಳುವನ್ನು ಸಿಕ್ಕಿಸಿ ಮೀನು ಹಿಡಿಯುವುದು ನಾವೆಲ್ಲ ಕಂಡ ವಿದ್ಯೆ. ಎರೆಯೇ ಇಲ್ಲದೆ, ಹಕ್ಕಿಯ ಗರಿಯನ್ನು ಕಟ್ಟಿ ಮೀನನ್ನು ಮರುಳುಗೊಳಿಸುವ ವಿದ್ಯೆಯೂ ಒಂದುಂಟು. ಮ್ಯಾಸಿಡೋನಿಯದ ಬೆಸ್ತರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಕೊರಳಿನ ಎರಡು ಗರಿಗಳನ್ನು ಕಟ್ಟುತ್ತಿದ್ದರೆಂದು ಈಲಿಯನ್ ಎಂಬ ಲೇಖಕನು ಸುಮಾರು ಕ್ರಿ.ಶ. 200ರಲ್ಲಿ ಬರೆದಿದ್ದಾನೆ. ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ ಗಾಳದ ಗ್ರಂಥವೊಂದು ಇಂಥ ಹನ್ನೆರಡು ಕೃತಕ ನೊಣಗಳನ್ನು ವರ್ಣಿಸುತ್ತದೆ. ಸ್ಕಾಟ್ಲೆಂಡಿನ ಸ್ಟೂವರ್ಟ್ 1857ರ ತನ್ನ ಪುಸ್ತಕದಲ್ಲಿ ಮೃದುವಾದ ಗರಿಯ ಗಾಳಗಳನ್ನು ಪ್ರಸಿದ್ಧಿಗೆ ತಂದನು.

ಈ ಗಾಳದ ರಚನೆ ಬಲು ಸರಳ. ಗಾಳದ ಮೈಗೆ ರೇಷ್ಮೆಯ ಎಳೆ. ತಲೆಯ ಬಳಿ ಕೌಜುಗದಂಥ ಹಕ್ಕಿಯ ಮೆತ್ತನೆಯ ಗರಿ, ಒಂದೆರಡು ಸುತ್ತು ಮಾತ್ರ. ನೀರಿನೊಳಗೆ ಮುಳುಗಿದಾಗ ಗರಿಯ ಎಳೆಗಳು ಪ್ರವಾಹಕ್ಕೆ ಅಲುಗುತ್ತವೆ. ಟ್ರೌಟ್ ಮೀನಿಗೆ ಅದು ಮೇಲೇಳುತ್ತಿರುವ ಜೀವಂತ ಹುಳುವಾಗಿ ಕಾಣುತ್ತದೆ. ಗರಿ ಹೆಚ್ಚಾದರೆ ಆ ಜೀವಕಳೆ ಹೋಯಿತು. ಮೀನು ಯಾವ ಋತುವಿನಲ್ಲಿ ಏನನ್ನು ತಿನ್ನುತ್ತದೆ ಎಂಬುದನ್ನರಿಯದವನು ಇದನ್ನು ಕಟ್ಟಲಾರ.

ಟ್ರೌಟ್ ತಣ್ಣೀರಿನ ಮೀನು, ನಮ್ಮ ತುಂಗಭದ್ರೆಯದಲ್ಲ. ಆದರೆ ಮೀನನ್ನು ಅರಿತು ಹಿಡಿಯುವ ಶಾಸ್ತ್ರ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ 'ಮತ್ಸ್ಯವಿನೋದ'ವೆಂಬ ಅಧ್ಯಾಯವೇ ಇದೆ. ಸುಮಾರು 35 ಬಗೆಯ ಮೀನುಗಳು, ಅವುಗಳಿಗೆ ಹಾಕಬೇಕಾದ ಆಹಾರ, ಗಾಳದ ಕೋಲು, ಹುರಿ, ಎರೆ, ಎಲ್ಲವೂ ಅಲ್ಲಿ ಬಂದಿವೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು 1951ರಲ್ಲಿ ಇದನ್ನು ವಿವರವಾಗಿ ಪರಿಶೀಲಿಸಿದರು. ಪಶ್ಚಿಮದವನು ಗರಿಯಿಂದ ಮೀನಿಗೆ ಆಹಾರದ ಭ್ರಮೆಯನ್ನು ತೋರಿದರೆ, ನಮ್ಮ ಅರಸನು ಆಹಾರವನ್ನೇ ಇಕ್ಕಿ ಒಲಿಸಿದನು. ದಾರಿ ಬೇರೆ, ಮೀನಿನ ಮನಸ್ಸನ್ನು ಓದುವ ಶ್ರದ್ಧೆ ಒಂದೇ.

ಈ ಸೋಮೇಶ್ವರನ ಅಜ್ಜ ಆಹವಮಲ್ಲನು 1068ರಲ್ಲಿ, ಹಂಪಿಗಿಂತ ಮೇಲಿನ ಕುರುವತ್ತಿಯಲ್ಲಿ, ಇದೇ ತುಂಗಭದ್ರೆಗೆ ದೇಹವನ್ನೊಪ್ಪಿಸಿದನು. ಅಜ್ಜನಿಗೆ ಮುಕ್ತಿಯ ಸ್ಥಾನವಾದ ಹೊಳೆಗಳನ್ನು ಮೊಮ್ಮಗನು ವಿನೋದದ ಸ್ಥಾನವಾಗಿಯೂ ಕಂಡನು. ಆದರೆ ಆ ವಿನೋದಕ್ಕೂ ಅವನು ಶಾಸ್ತ್ರದ ಶಿಸ್ತನ್ನು ವಿಧಿಸಿದನೆಂಬುದು ಗಮನಾರ್ಹ.

ಆ ಶಿಸ್ತಿನ ಬೆಲೆ ನಮ್ಮ ಕಾಲದಲ್ಲಿ ಇನ್ನಷ್ಟು ಸ್ಪಷ್ಟವಾಗಿದೆ. ಹೊಳೆಗೆ ಸಿಡಿಮದ್ದೆಸೆದು ಮೀನು ಹಿಡಿಯುವವನಿಗೆ ಮೀನಿನ ವಿಷಯ ಏನೂ ತಿಳಿದಿರಬೇಕಾಗಿಲ್ಲ. ಮರಿ, ಮೊಟ್ಟೆ, ಹುಳು ಎಲ್ಲವೂ ಒಂದೇ ಏಟಿಗೆ ನಾಶ; ಮೀನನ್ನೇ ನಂಬಿದ ನೀರುನಾಯಿಗೂ ಉಪವಾಸ. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು ಸರ್ಕಾರವು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದ್ದು ಉಚಿತವೇ ಆಗಿದೆ. ಹಂಪಿಯೂ ಈ ಹರವಿನೊಳಗೇ ಇದೆ.

ಗರಿ ಕಟ್ಟುವವನಿಗೆ ಹುಳುವಿನ ಪರಿಚಯ ಬೇಕು, ಹುಳುವಿಗೆ ಶುದ್ಧವಾದ ನೀರು ಬೇಕು. ಬೇಟೆಯೂ ಒಂದು ಬಗೆಯ ಅರಿವಾಗಿದ್ದಾಗ ಹೊಳೆ ಉಳಿದಿತ್ತು. ಅರಿವನ್ನು ಬಿಟ್ಟು ಬೇಟೆಯನ್ನಷ್ಟೇ ಉಳಿಸಿಕೊಂಡರೆ, ಮತ್ಸ್ಯವಿನೋದದ ಮೀನುಗಳು ಗ್ರಂಥದಲ್ಲಿ ಮಾತ್ರ ಈಜುತ್ತಿರಬೇಕಾದೀತು.