ಎರಡು ಹಸಿ ಎಲೆ, ಒಂದು ತುಂಡು ಕಬ್ಬಿಣ

ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟ ಆಡುವವರಿಗೆ ಈ ಕ್ರಮ ಚೆನ್ನಾಗಿ ಗೊತ್ತು. ಗುಡ್ಡದಿಂದ ಅದಿರು ಅಗೆದು ತರಬೇಕು, ಕಾಡಿನಿಂದ ಯಾವುದೋ ಸೊಪ್ಪು ಕಿತ್ತು ತರಬೇಕು, ಎರಡನ್ನೂ ಕುಲುಮೆಗೆ ಹಾಕಬೇಕು. ಆಚೆ ಬರುವುದು ಮಂತ್ರದ ಕತ್ತಿ, ಇಲ್ಲವೇ ಬಾಣ ನಾಟದ ಕವಚ. ಇಂಥ ಲೋಹಗಳಲ್ಲಿ ಮಿಥ್ರಿಲ್ ಬಂದದ್ದು ಟೋಲ್ಕಿನ್ ಕಾದಂಬರಿಯಿಂದ, ಅಡಮಂಟೈನ್ ಗ್ರೀಕರ ಹಳೆಯ ಪದವೊಂದರಿಂದ. ಎರಡನ್ನೂ ಯಾರೂ ಕೈಯಲ್ಲಿ ಹಿಡಿದಿಲ್ಲ. ಅದೇ ಸಾಲಿನಲ್ಲಿ ಆಗಾಗ ಕಾಣಿಸಿಕೊಳ್ಳುವ ಡಮಾಸ್ಕಸ್ ಉಕ್ಕಿನ ಮಾತು ಬೇರೆ. ಅಲಗಿನ ಮೇಲೆ ಹರಿಯುವ ನೀರಿನಂಥ ಗೆರೆಗಳಿದ್ದ ಆ ಕತ್ತಿಗಳು ನಿಜವಾಗಿ ಇದ್ದವು. ಅವುಗಳಿಗೆ ಬೇಕಾದ ಉಕ್ಕಿನ ಗಟ್ಟಿಗಳು ದಕ್ಷಿಣ ಭಾರತದ ಮಣ್ಣಿನ ಮೂಸೆಗಳಿಂದ ಹಡಗು ಹತ್ತಿ ಹೋಗುತ್ತಿದ್ದವು.

ಆ ಗಟ್ಟಿಗೆ ಯುರೋಪು ಇಟ್ಟ ಹೆಸರು 'ವೂಟ್ಜ್'. 1790ರ ದಶಕದಲ್ಲಿ ಮುಂಬೈಯ ವೈದ್ಯರೊಬ್ಬರು ಲಂಡನ್ನಿನ ರಾಯಲ್ ಸೊಸೈಟಿಗೆ ಒಂದಿಷ್ಟು ಮಾದರಿ ಕಳಿಸಿದರು. ಅದನ್ನು ಪರೀಕ್ಷಿಸಿದ ಜಾರ್ಜ್ ಪಿಯರ್ಸನ್ 1795ರಲ್ಲಿ ಪ್ರಬಂಧ ಪ್ರಕಟಿಸಿದಾಗ, ಇದು ಮುಂಬೈಯಲ್ಲಿ ತಯಾರಾಗುವ ಉಕ್ಕು, ಅಲ್ಲಿ ಇದನ್ನು ವೂಟ್ಜ್ ಅನ್ನುತ್ತಾರೆ ಎಂದು ಶೀರ್ಷಿಕೆಯಲ್ಲೇ ಬರೆದ. ಬಂದರಿನ ಹೆಸರು ಊರಿನ ಹೆಸರಾಯಿತು. ಪದದ ಗತಿಯೂ ಅಷ್ಟೇ. 1886ರಲ್ಲಿ ಬಂದ 'ಹಾಬ್ಸನ್-ಜಾಬ್ಸನ್' ನಿಘಂಟು, ಇದು ಕನ್ನಡದ 'ಉಕ್ಕು' ಎಂಬುದನ್ನು ಯಾರೋ ತಪ್ಪಾಗಿ ಬರೆದದ್ದರಿಂದ ಅಥವಾ ಓದಿದ್ದರಿಂದ ಹುಟ್ಟಿರಬೇಕು ಎಂದು ಊಹಿಸಿತು. ತೆಲುಗಿನಲ್ಲೂ ಅದು ಉಕ್ಕೇ, ಹಾಗಾಗಿ ನಾವೊಬ್ಬರೇ ಮೀಸೆ ತಿರುವಬೇಕಾಗಿಲ್ಲ. ಅಂತೂ ನಾವು ದಿನವೂ ಆಡುವ ಮಾತು ಗುರುತು ಸಿಗದಷ್ಟು ಬದಲಾಗಿ ಲೋಹಶಾಸ್ತ್ರದ ಪುಸ್ತಕ ಸೇರಿತು.

ಮೂಸೆಯ ಹತ್ತಿರ ಕೂತು ಬರೆದಿಟ್ಟವನು ಫ್ರಾನ್ಸಿಸ್ ಬುಕನನ್. 1799ರಲ್ಲಿ ಟಿಪ್ಪು ಸತ್ತ ಮರುವರ್ಷ, ಗೆದ್ದ ಸೀಮೆಯಲ್ಲಿ ಏನೇನಿದೆ ಎಂದು ಲೆಕ್ಕ ಹಾಕಲು ಕಂಪನಿ ಸರ್ಕಾರ ಅವನನ್ನು ಕಳಿಸಿತು. ಅವನ ಪ್ರವಾಸ ಕಥನ ಅಚ್ಚಾದದ್ದು 1807ರಲ್ಲಿ. ಇಂದಿನ ತುಮಕೂರು ಜಿಲ್ಲೆಯ ಮಧುಗಿರಿ, ಚನ್ನರಾಯನದುರ್ಗದ ಸೀಮೆಯ ಕುಲುಮೆಗಳ ವಿವರ ಅದರಲ್ಲಿದೆ. ಹಸಿ ಜೇಡಿಮಣ್ಣಿನ ಮೂಸೆ. ಅದರೊಳಗೆ ಒಂದು ತುಂಡು ಕಬ್ಬಿಣ, ಮೂರು ರೂಪಾಯಿ ತೂಕದ ತಂಗಡಿ ಕಡ್ಡಿ, ಬಳ್ಳಿಯೊಂದರ ಎರಡು ಹಸಿ ಎಲೆ. ಬಾಯಿಗೆ ಮಣ್ಣು ಮೆತ್ತಿ ಇದ್ದಿಲಿನ ಬೆಂಕಿಗಿಟ್ಟು ತಿದಿ ಒತ್ತುವುದು. ಆಟದ ಪರದೆಯ ಮೇಲೆ ಬರುವ ಪಾಕಪಟ್ಟಿಯನ್ನೇ ಓದಿದ ಹಾಗಾಗುತ್ತದೆ. ಆದರೆ ಕಡ್ಡಿಯಲ್ಲೂ ಎಲೆಯಲ್ಲೂ ಮಂತ್ರವಿರಲಿಲ್ಲ. ಗಾಳಿಯಾಡದ ಮೂಸೆಯಲ್ಲಿ ಅವು ಕರಿದು ಇಂಗಾಲವಾಗುತ್ತವೆ, ಇಂಗಾಲ ಹೀರಿದ ಕಬ್ಬಿಣ ಕರಗಿ ಉಕ್ಕಾಗುತ್ತದೆ. ಈ ಉಕ್ಕಿನಲ್ಲಿ ಇಂಗಾಲದ ಪಾಲು ಸುಮಾರು ನೂರಕ್ಕೆ ಒಂದೂವರೆ.

ಬುಕನನ್ ಜನರ ಲೆಕ್ಕವನ್ನೂ ಕೊಡುತ್ತಾನೆ, ನನಗೆ ಪಾಕಕ್ಕಿಂತ ಹೆಚ್ಚು ಬೇಕಾದದ್ದು ಇದು. ಒಂದು ಕುಲುಮೆಗೆ 13 ಜನ. ಮೂಸೆ ಮಾಡಿ ತುಂಬುವ ಹಿರಿಯ ಒಬ್ಬ. ಉಳಿದವರು ಮೂರು ಮೂರು ಜನರ ನಾಲ್ಕು ತಂಡವಾಗಿ ಸರದಿಯ ಮೇಲೆ ದುಡಿಯುವವರು. ಪ್ರತಿ ತಂಡದಲ್ಲಿ ಒಬ್ಬ ಬೆಂಕಿ ನೋಡಿಕೊಂಡರೆ ಇಬ್ಬರು ತಿದಿ ಒತ್ತಬೇಕು. ಇವರೆಲ್ಲ ಬೇಸಾಯಗಾರರೇ, ಸರದಿ ಮುಗಿದರೆ ಹೊಲಕ್ಕೆ ಹೋಗುವವರು. ದುಡ್ಡು ಮುಂಗಡ ಕೊಡುವ ಧಣಿ ಬೇರೆ, ಮಾಲು ಮಾರಿದ ಮೇಲೆ ಅವನಿಗೆ ಅವನ ಬಾಬ್ತು. ಇಷ್ಟು ಕಷ್ಟದ ಉಕ್ಕು ಏನಾಗುತ್ತಿತ್ತು? ಕಲ್ಲುಕುಟಿಗರ ಉಳಿ, ಕತ್ತಿಯ ಅಲಗು, ವಾದ್ಯದ ತಂತಿ. ಈ ಮೂರನ್ನೂ ಅವನು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಚನ್ನಪಟ್ಟಣದ ಉಕ್ಕಿನ ತಂತಿಗೆ ಆಗ ದೂರದೂರದವರೆಗೆ ಹೆಸರಿತ್ತು. ಆಟದವರು ಕತ್ತಿಯೊಂದನ್ನೇ ಎತ್ತಿಕೊಂಡರು. ಕಗ್ಗಲ್ಲು ಕಡಿಯುವ ಉಳಿಗೂ ಶ್ರುತಿ ಹಿಡಿಯುವ ತಂತಿಗೂ ಅವರಲ್ಲಿ ಜಾಗವಿಲ್ಲ.

ಲಂಡನ್ನಿನಲ್ಲಿ ಇದರ ಗುಟ್ಟು ಹುಡುಕಿದವರಲ್ಲಿ ಮೈಕೆಲ್ ಫ್ಯಾರಡೆಯೂ ಒಬ್ಬ. ಅವನು ಕಮ್ಮಾರನ ಮಗ. 1819ರಿಂದ ಕೆಲವು ವರ್ಷ ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು-ಕತ್ತರಿ ತಯಾರಕನ ಜೊತೆ ಸೇರಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಎಲ್ಲ ಬೆರೆಸಿ ನೋಡಿದ. ಗುಟ್ಟು ಅಲ್ಯೂಮಿನಿಯಂನಲ್ಲಿದೆ ಎಂದು ಭಾವಿಸಿದ್ದು ಸರಿಯಾಗಿರಲಿಲ್ಲ, ಆದರೆ ಮಿಶ್ರಲೋಹದ ಉಕ್ಕಿನ ಅಧ್ಯಯನ ಹೊರಟದ್ದು ಅಲ್ಲಿಂದ. ಅದೇ ಹೊತ್ತಿಗೆ, 1825ರಲ್ಲಿ, ವಾಲ್ಟರ್ ಸ್ಕಾಟ್‌ನ 'ದಿ ಟ್ಯಾಲಿಸ್‌ಮನ್' ಕಾದಂಬರಿ ಬಂತು. ಅದರಲ್ಲಿ ರಿಚರ್ಡ್ ದೊರೆ ಭಾರಿ ಖಡ್ಗದಿಂದ ಉಕ್ಕಿನ ಗದೆಯ ಹಿಡಿ ತುಂಡರಿಸುತ್ತಾನೆ. ಸಲಾದಿನ್ ತನ್ನ ಬಾಗುಕತ್ತಿಯಿಂದ ತೆಳು ಮುಸುಕನ್ನು ಗಾಳಿಯಲ್ಲೇ ಸೀಳುತ್ತಾನೆ. ಪೂರ್ವದ ಕತ್ತಿ ಎಂದರೆ ಮಾಯೆ ಎಂಬ ಭಾವನೆ ಓದುಗರಲ್ಲಿ ಬೇರೂರಲು ಪ್ರಯೋಗಾಲಯದ ವರದಿಗಿಂತ ಇಂಥ ದೃಶ್ಯಗಳೇ ಹೆಚ್ಚು ನೆರವಾದವು ಅನ್ನಿಸುತ್ತದೆ.

ಆ ಹೊತ್ತಿಗೆ ಇಲ್ಲಿ ಕುಲುಮೆಗಳ ದಿನ ಮುಗಿಯುತ್ತ ಬಂದಿತ್ತು. ದೇಶಿ ದೊರೆಗಳ ಸೈನ್ಯ ಕರಗಿತ್ತು, ಇಂಗ್ಲೆಂಡಿನಿಂದ ಅಗ್ಗದ ಮಾಲು ಇಳಿಯುತ್ತಿತ್ತು. ಇನ್ನೊಂದು ಕಾರಣವನ್ನು 1998ರಲ್ಲಿ ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೂವನ್, ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಮತ್ತು ಸಂಗಡಿಗರು ಮುಂದಿಟ್ಟರು. ಅಲಗಿನ ಮೇಲೆ ಗೆರೆ ಮೂಡಬೇಕಾದರೆ ಉಕ್ಕಿನಲ್ಲಿ ವನೇಡಿಯಂನಂಥ ಧಾತು ಲವಲೇಶ ಇರಬೇಕು, ನೂರಕ್ಕೆ 0.003ರಷ್ಟಿದ್ದರೂ ಸಾಕು. ಅದು ಬರುವುದು ಅದಿರಿನಿಂದಲೇ. ಕಣ್ಣಿಗೆ ಕಾಣುವುದಿಲ್ಲ, ಬೆರಸುವವನಿಗೂ ಗೊತ್ತಿರುವುದಿಲ್ಲ. ಅವರ ಊಹೆಯಂತೆ, ಅಂಥ ಅದಿರಿನ ನೆಲೆ ತೀರಿಹೋದಾಗಲೋ ಬದಲಾದಾಗಲೋ ಕಮ್ಮಾರ ಎಂದಿನಂತೆಯೇ ಬೆಂಕಿ ಹೂಡಿರಬೇಕು. ಅದೇ ಮೂಸೆ, ಅದೇ ಎಲೆ, ಅಪ್ಪ ಕಲಿಸಿದ ಅದೇ ಕೈ. ಗೆರೆ ಮಾತ್ರ ಮೂಡಲಿಲ್ಲ.