ಕಸಕಸಿ ಗಿಡದ ಇನ್ನೊಂದು ಕಥೆ

ನಮ್ಮ ಜತ್ತ ಕಡೆ ಬಾಣಂತಿಗೆ ಕಟ್ಟುವ ಅಂಟಿನ ಉಂಡಿಗೆ ಕಸಕಸಿ ಬೀಳದಿದ್ದರೆ ಅತ್ತೆಗೆ ಸಮಾಧಾನವಿಲ್ಲ. ಅದೇ ಗಿಡದ ಹಸಿ ಕಾಯಿ ಗೀರಿದಾಗ ಒಸರುವ ಹಾಲೇ ಅಫೀಮು. ನಾನು ಸಣ್ಣವನಿದ್ದಾಗ ಕಟ್ಟೆಯ ಮೇಲಿನ ಹಿರಿಯರು "ಅಫೀಮು ತಿಂದವಗ ಮುಪ್ಪಿಲ್ಲೋ" ಅಂತ ಕಣ್ಣು ಮಿಟುಕಿಸಿ ನಗುತ್ತಿದ್ದರು. ಯಾಕೆ ನಗುತ್ತಾರೆ ಅಂತ ತಿಳಿಯೋದಕ್ಕೆ ನನಗೆ ಮದುವೆಯೇ ಆಗಬೇಕಾಯಿತು.

ಆ ಮಾತು ಸುಳ್ಳು. ಅಫೀಮಿನ ಮುಖ್ಯ ಸತ್ವ ಮಾರ್ಫಿನ್. ಅದನ್ನು ಬಹುಕಾಲ ತಿಂದವನ ದೇಹದಲ್ಲಿ ಗಂಡಸಿನ ಹಾರ್ಮೋನೇ ಇಳಿಯುತ್ತದೆ, ಇದ್ದ ಶಕ್ತಿಯೂ ಹೋಗುತ್ತದೆ. ಆದರೆ ಮಜಾ ನೋಡ್ರಿ, ಹಿರಿಯರು ಹುಡುಕುತ್ತಿದ್ದ ವಸ್ತು ಅದೇ ಹಾಲಿನಲ್ಲಿ ಬೇರೊಂದು ಮೂಲೆಯಲ್ಲಿ ಅಡಗಿ ಕೂತಿತ್ತು.

1848ರಲ್ಲಿ ಜರ್ಮನಿಯ ಗೇಯೋರ್ಗ್ ಮೆರ್ಕ್ ಎಂಬ ತರುಣ ರಸಾಯನಶಾಸ್ತ್ರಜ್ಞ ಅಫೀಮಿನಿಂದ ಪಾಪಾವೆರಿನ್ ಎಂಬ ಸತ್ವವನ್ನು ಬೇರ್ಪಡಿಸಿದ. ಇದಕ್ಕೆ ಅಮಲಿಲ್ಲ, ಚಟವೂ ಹತ್ತುವುದಿಲ್ಲ. ಬಿಗಿದುಕೊಂಡ ಕರುಳು, ರಕ್ತನಾಳಗಳ ಸ್ನಾಯುಗಳನ್ನು ಸಡಿಲ ಮಾಡುತ್ತದೆ, ಅಷ್ಟೇ. ಹೊಟ್ಟೆ ನುಲಿತಕ್ಕೆ, ರಕ್ತನಾಳದ ಬಿಗಿತಕ್ಕೆ ವೈದ್ಯರು ಇದನ್ನು ಕೊಡುತ್ತ ದಶಕಗಳೇ ಕಳೆದವು. ಇದರ ಇನ್ನೊಂದು ಗುಣ ಯಾರ ಕಣ್ಣಿಗೂ ಬೀಳಲಿಲ್ಲ.

ಬಿದ್ದದ್ದು ಪ್ಯಾರಿಸ್ಸಿನಲ್ಲಿ, ಅದೂ ಅಕಸ್ಮಾತ್. ರೊನಾಲ್ಡ್ ವಿರಾಗ್ ಎಂಬ ರಕ್ತನಾಳದ ಶಸ್ತ್ರವೈದ್ಯ ಆಪರೇಶನ್ ಮಾಡುತ್ತಿದ್ದಾಗ ಪಾಪಾವೆರಿನ್ ರೋಗಿಯ ಶಿಶ್ನಕ್ಕೆ ಹೋಗುವ ರಕ್ತನಾಳದೊಳಗೆ ಹೋಯಿತು. ರೋಗಿಗೆ ಎಚ್ಚರವಿಲ್ಲ, ಆದರೂ ಶಿಶ್ನ ನಿಮಿರಿತು. ವಿರಾಗ್ ಇದನ್ನು 1982ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ. ಮರುವರ್ಷ ಅಮೆರಿಕದ ಲಾಸ್ ವೇಗಾಸ್‌ನಲ್ಲಿ ಬ್ರಿಟನ್ನಿನ ಪ್ರೊಫೆಸರ್ ಗೈಲ್ಸ್ ಬ್ರಿಂಡ್ಲಿ ತನ್ನ ಮೇಲೇ ಇಂಥ ಇಂಜೆಕ್ಷನ್ ಪ್ರಯೋಗಿಸಿಕೊಂಡು ವೈದ್ಯರ ಸಭೆಗೆ ಬಂದು, ಫಲವನ್ನು ಎಲ್ಲರೆದುರಿಗೇ ತೋರಿಸಿದ. ಹೆಂಗ ತೋರಿಸಿದ ಅಂತ ಬರೆಯೋದು ಬೇಡ, ಈ ಪುಸ್ತಕ ಮನೆಮಂದಿಯೆಲ್ಲ ಓದುವಂಥದ್ದು.

ಅಲ್ಲಿಯವರೆಗೆ ವೈದ್ಯರೂ ಈ ದೌರ್ಬಲ್ಯವನ್ನು ಬಹುಪಾಲು ಮನಸ್ಸಿನ ಕಾಯಿಲೆ ಅಂತಲೇ ತಿಳಿದಿದ್ದರು. ಆ ಎರಡು ವರ್ಷಗಳಲ್ಲಿ ಆ ನಂಬಿಕೆ ಅಲುಗಾಡಿತು. ನಿಮಿರುವುದು ಹೊಲಕ್ಕೆ ನೀರು ಬಿಟ್ಟ ಹಾಗೆ. ತೂಬು ಸಡಿಲಾದರೆ ರಕ್ತ ಒಳಗೆ ತುಂಬುತ್ತದೆ, ತುಂಬಿದ ಒತ್ತಡಕ್ಕೆ ಹೊರಗೆ ಹೋಗುವ ದಾರಿ ತಾನೇ ಮುಚ್ಚುತ್ತದೆ. ಸಕ್ಕರೆ ಕಾಯಿಲೆ, ಬೀಡಿ, ತಂಬಾಕಿನಿಂದ ಕಾಲುವೆ ಕೆಟ್ಟರೆ ನೀರೆಲ್ಲಿಂದ ಬರಬೇಕು? ಅಲ್ಲಿಯ ನಾಳಗಳು ಹೃದಯದವಕ್ಕಿಂತ ಸಣ್ಣವು. ಹಾಗಾಗಿ ಕೆಡುಕು ಎಷ್ಟೋ ಸಲ ಎದೆನೋವಿಗಿಂತ ವರ್ಷಗಳ ಮೊದಲೇ ಅಲ್ಲಿ ಕಾಣಿಸುತ್ತದೆ.

ಪಾಪಾವೆರಿನ್ ಬಾಯಿಂದ ತಿಂದರೆ ಈ ಕೆಲಸ ಮಾಡುವುದಿಲ್ಲ, ಸೂಜಿಯೇ ಬೇಕು. ಅಳತೆ ತಪ್ಪಿದರೆ ನಿಮಿರಿದ್ದು ಇಳಿಯುವುದಿಲ್ಲ. ನಾಲ್ಕು ತಾಸು ದಾಟಿದರೆ ಆಸ್ಪತ್ರೆಗೆ ಓಡಬೇಕು. 1998ರಲ್ಲಿ ಸಿಲ್ಡೆನಾಫಿಲ್ ಗುಳಿಗೆ ಬಂದ ಮೇಲೆ ಸೂಜಿ ಹಿಂದೆ ಸರಿಯಿತು. ಗುಳಿಗೆ ಗಿಡದ್ದಲ್ಲ, ಕಾರ್ಖಾನೆಯದು. ಎದೆನೋವಿಗೆ ನೈಟ್ರೇಟ್ ತಗೊಳ್ಳುವವರು ಅದನ್ನು ನುಂಗಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯ. ಗಿಡಮೂಲಿಕೆ ಅಂತ ಮಾರುವ ಎಷ್ಟೋ ಪುಡಿಗಳಲ್ಲಿ ಇದನ್ನೇ ಗುಟ್ಟಾಗಿ ಬೆರೆಸಿದ್ದು ದೇಶದೇಶಗಳ ತಪಾಸಣೆಯಲ್ಲಿ ಸಿಕ್ಕಿದೆ.

ಇದನ್ನೆಲ್ಲ ನಾನು ಓದಿದ್ದು ತಡವಾಗಿ. ಐವತ್ತೆರಡರ ವಯಸ್ಸಿನಲ್ಲಿ ನಾನೂ ಜಾತ್ರೆಯ ಗುಡಾರವೊಂದರಲ್ಲಿ, ತಲೆಗೆ ರುಮಾಲು ಮುಚ್ಚಿಕೊಂಡು, ಪುಡಿ ಕೊಂಡೆ. ಮೇಷ್ಟ್ರು ಅಂತ ಯಾರಾದರೂ ಗುರುತು ಹಿಡಿದಾರು ಅನ್ನೋ ಅಂಜಿಕೆ. ಎರಡನೇ ದಿನ ಮುಖ ಕೆಂಪಾಯಿತು, ತಲೆ ಸಿಡಿಯತೊಡಗಿತು. ಡಾಕ್ಟರು "ಏನ ತಗೊಂಡೀರಿ ಸರ?" ಅಂತ ಕೇಳಿದಾಗ ಮೊದಲು ಸುಳ್ಳು ಹೇಳಿದೆ, ಆಮೇಲೆ ಹೇಳಿಬಿಟ್ಟೆ. ಅವರು ನಗಲಿಲ್ಲ. ರಕ್ತ ತೆಗೆಸಿದರು. ಬರಿಹೊಟ್ಟೆಯ ಸಕ್ಕರೆ 210 ಇತ್ತು. ನನಗೆ ಸಕ್ಕರೆ ಕಾಯಿಲೆ ಇದ್ದದ್ದು ಅವತ್ತೇ ತಿಳಿದದ್ದು.

ಆ ಪೊಟ್ಟಣ ಇನ್ನೂ ನನ್ನ ಕಪಾಟಿನಲ್ಲಿದೆ. ಮೇಲೆ ಓಡುವ ಕುದುರೆಯ ಚಿತ್ರವಿದೆ. ಒಳಗೆ ಏನು ಹಾಕಿದ್ದಾರೆ ಅಂತ ಎಲ್ಲೂ ಬರೆದಿಲ್ಲ.